ಹಾಡುವವರನ್ನು ಎಲ್ಲಿ ಕೂರಿಸುವುದು?

ದರ್ಜಿಯ ಟೇಪು ಹಿಡಿದು ನನ್ನ ಸಣ್ಣ ಹ್ಯಾಚ್‌ಬ್ಯಾಕ್ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು ಒಂದು ಭಾನುವಾರ ಅಳತೆ ತೆಗೆದೆ. ಬಲ ಬಾಗಿಲಿನ ಸ್ಪೀಕರಿನಿಂದ ನನ್ನ ಮೂಗಿನ ತುದಿಯವರೆಗೆ 90 ಸೆಂಟಿಮೀಟರ್. ಎಡ ಬಾಗಿಲಿನ ಸ್ಪೀಕರಿನಿಂದ 135. ನಡುವೆ ಒಂದೂವರೆ ಅಡಿಯ ಅಂತರ. ಕಾರು ಬದಲಾದರೆ ಅಂಕಿ ಒಂದಿಷ್ಟು ಆಚೀಚೆ ಆಗಬಹುದು, ಅಂತರ ಮಾತ್ರ ಇದ್ದೇ ಇರುತ್ತದೆ. ಮೆಕ್‌ಲಾರೆನ್ ಎಫ್1ನಂತೆ ಡ್ರೈವರನ್ನು ನಟ್ಟನಡುವೆ ಕೂರಿಸುವ ಅಪರೂಪದ ಕಾರನ್ನು ಬಿಟ್ಟರೆ, ಕಾರಿನ ಮುಂದಿನ ಸೀಟಿನಲ್ಲಿ ಯಾರೂ ಎರಡು ಸ್ಪೀಕರಿಗೂ ಸಮದೂರದಲ್ಲಿ ಕೂರುವುದಿಲ್ಲ.

ಸ್ಟೀರಿಯೊ ವಿದ್ಯೆ ನಿಂತಿರುವುದೇ ಸಮದೂರದ ಮೇಲೆ. 1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದಾಗ ಅವರ ಮನಸ್ಸಿನಲ್ಲಿದ್ದದ್ದು ಸಿನಿಮಾ ಪರದೆ: ನಟ ಪರದೆಯ ಯಾವ ಭಾಗದಲ್ಲಿ ನಡೆಯುತ್ತಾನೋ ದನಿಯೂ ಅಲ್ಲಿಂದಲೇ ಬರಬೇಕು ಎಂಬ ಆಸೆ. ಎರಡು ಸ್ಪೀಕರಿನಿಂದ ಒಂದೇ ದನಿ ಒಂದೇ ಗಳಿಗೆಗೆ, ಒಂದೇ ಮಟ್ಟದಲ್ಲಿ ಕಿವಿ ಮುಟ್ಟಿದರೆ, ಸ್ಪೀಕರೇ ಇಲ್ಲದ ನಡುವಿನ ಜಾಗದಲ್ಲಿ ಹಾಡುಗಾರ ನಿಂತಂತೆ ಅನ್ನಿಸುತ್ತದೆ. ಕಾರಿನಲ್ಲಿ ಮೊದಲು ಮುರಿಯುವುದು ಇದೇ.

ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಕ್ರಮಿಸುವುದು ಸುಮಾರು 34 ಸೆಂಟಿಮೀಟರ್. ಹಾಗಾಗಿ 45 ಸೆಂಟಿಮೀಟರ್ ಹೆಚ್ಚುವರಿ ದಾರಿ ಎಂದರೆ 1.3 ಮಿಲಿಸೆಕೆಂಡ್ ತಡ. ಕೇಳಿದರೆ ಏನೂ ಅಲ್ಲದ ಅಂಕಿ. ಆದರೆ ನಮ್ಮ ಕಿವಿ ದಿಕ್ಕು ಹಿಡಿಯುವುದು ಇದಕ್ಕಿಂತಲೂ ಸಣ್ಣ ಲೆಕ್ಕದಲ್ಲಿ. ಕೆಳಸ್ವರಗಳ ದಿಕ್ಕನ್ನು ಎರಡು ಕಿವಿಗಳ ನಡುವಿನ ಕಾಲವ್ಯತ್ಯಾಸದಿಂದ, ಮೇಲುಸ್ವರಗಳ ದಿಕ್ಕನ್ನು ಮಟ್ಟದ ವ್ಯತ್ಯಾಸದಿಂದ ತಿಳಿಯುತ್ತೇವೆ ಎಂದು ಲಾರ್ಡ್ ರೇಲಿ 1907ರಲ್ಲಿ ವಿವರಿಸಿದರು. ಸದ್ದು ಪೂರ್ತಿ ಒಂದು ಪಕ್ಕದಿಂದ ಬಂದರೂ ಎರಡು ಕಿವಿಗಳ ನಡುವೆ ಆಗುವ ತಡ 0.7 ಮಿಲಿಸೆಕೆಂಡಿನ ಆಸುಪಾಸು, ಅಷ್ಟೆ. ಎರಡು ಸ್ಪೀಕರುಗಳಲ್ಲಿ ಒಂದು ಸುಮಾರು ಒಂದು ಮಿಲಿಸೆಕೆಂಡ್ ಮುಂದಾದರೆ ಸಾಕು, ಮಿದುಳು ಇಡೀ ಹಾಡನ್ನು ಮುಂದಾದ ಕಡೆಗೇ ಒಪ್ಪಿಸಿಬಿಡುತ್ತದೆ. ಬಲಬದಿ ಸ್ಟೀರಿಂಗಿನ ನಮ್ಮ ಕಾರಿನಲ್ಲಿ ಹಾಡುವವರು ಬಂದು ಕೂರುವುದು ಡ್ರೈವರಿನ ಬಲ ಮೊಣಕಾಲಿನ ಪಕ್ಕ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕಾರಿನ ಸ್ಟೀರಿಯೊ ವಿಚಾರಿಸಿದಾಗಲೆಲ್ಲ ನನಗೆ ಎದುರಾದದ್ದು ಎರಡೇ ಪ್ರಶ್ನೆ: ಯಾವ ಕಂಪನಿಯದು ಬೇಕು, ಎಷ್ಟು ವ್ಯಾಟ್ ಬೇಕು. ಎಲ್ಲಿ ಕೂರಿಸಬೇಕು ಎಂದು ಒಬ್ಬರೂ ಕೇಳಿದ್ದಿಲ್ಲ, ಮೊದಮೊದಲು ನಾನೂ ಕೇಳಲಿಲ್ಲ. ಇಷ್ಟು ವರ್ಷ ಕೇಳಿ, ಬಿಚ್ಚಿ, ಅಳೆದು ನೋಡಿದ ಮೇಲೆ ನನ್ನ ನಂಬಿಕೆ ಇದು: ಕಾರಿನಲ್ಲಿ ನಾದದ ಗುಣವನ್ನು ಸ್ಪೀಕರಿನ ಬೆಲೆಗಿಂತ ಹೆಚ್ಚಾಗಿ ಅದು ಕೂತ ಜಾಗ, ಕೂತ ಕೋನ, ಕೂತ ಗಟ್ಟಿತನ ತೀರ್ಮಾನಿಸುತ್ತವೆ. ಮಧ್ಯಮ ಬೆಲೆಯ ಸ್ಪೀಕರ್ ಒಳ್ಳೆಯ ಜಾಗದಲ್ಲಿ ಕೂತರೆ ದುಬಾರಿ ಸ್ಪೀಕರನ್ನು ಕೆಟ್ಟ ಜಾಗದಲ್ಲಿ ಕೂರಿಸಿದ್ದಕ್ಕಿಂತ ಚೆನ್ನಾಗಿ ಹಾಡುತ್ತದೆ.

ದಿಕ್ಕು ತಪ್ಪುವುದು ಒಂದೇ ತೊಂದರೆಯಲ್ಲ. ಎರಡು ಕಡೆಯಿಂದ ಬಂದ ಒಂದೇ ಸ್ವರ ಕಿವಿಯ ಬಳಿ ಸೇರುವಾಗ, ದಾರಿಯ ವ್ಯತ್ಯಾಸ ಅಲೆಯುದ್ದದ ಅರ್ಧಕ್ಕೆ ಸರಿಯಾದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಸ್ವರ ಕುಗ್ಗುತ್ತದೆ. 45 ಸೆಂಟಿಮೀಟರಿನ ಎರಡು ಪಟ್ಟು 90. ಅಷ್ಟು ಅಲೆಯುದ್ದದ ಸ್ವರ ಸುಮಾರು 380 ಹರ್ಟ್ಜ್. ಅದು ಹೆಣ್ಣುದನಿಯ ಹಾಡುಗಾರಿಕೆ ಓಡಾಡುವ ಅಂಗಳದ ನಡುಮಧ್ಯ. ಮತ್ತೆ ಅದರ ಮೂರರಷ್ಟರಲ್ಲಿ, ಅಂದರೆ 1140ರ ಸುತ್ತ, ಇನ್ನೊಂದು ಹಳ್ಳ. ಹಾಡುಗಾರ್ತಿ ಸ್ವರ ಏರಿಸುತ್ತಾ ಹೋದಂತೆ ಕೆಲವು ಸ್ವರ ಎದ್ದು ಕೇಳುತ್ತವೆ, ಕೆಲವು ಕುಗ್ಗುತ್ತವೆ. ಕೇಳುವವರಿಗೆ ಕಾರಣ ತಿಳಿಯದು, ‘ದನಿ ಯಾಕೋ ತೆಳುವಾಗಿದೆ’ ಅನ್ನುತ್ತಾರೆ. ತಕ್ಷಣ ಈಕ್ವಲೈಜರ್ ಏರಿಸುತ್ತಾರೆ. ಏರಿಸಿದರೆ ಅಳಿಸುವ ಅಲೆಯೂ ಅಷ್ಟೇ ಏರುತ್ತದೆ. ಆರು ಡೆಸಿಬೆಲ್ ಏರಿಸಲು ಆ್ಯಂಪ್ ನಾಲ್ಕು ಪಟ್ಟು ಶಕ್ತಿ ಸುರಿಯಬೇಕು, ಹಳ್ಳ ಮಾತ್ರ ಹಾಗೇ ಉಳಿಯುತ್ತದೆ.

ಇದರ ಜೊತೆಗೆ ಕ್ಯಾಬಿನ್ ಎಂಬ ಪುಟ್ಟ ಪೆಟ್ಟಿಗೆ. ಸಾಧಾರಣ ಕೋಣೆಯ ಒಳಗಾತ್ರ 35 ಘನ ಮೀಟರ್ ಇದ್ದರೆ ಸಣ್ಣ ಕಾರಿನದು ಮೂರು ದಾಟುವುದು ಕಷ್ಟ. ಅದರ ಸುತ್ತ ಗಾಜು, ಒಳಗೆ ಸೀಟಿನ ಸ್ಪಂಜು. ಗಾಜು ಮೇಲುಸ್ವರಗಳನ್ನು ಚೆಂಡಿನಂತೆ ಪುಟಿಸುತ್ತದೆ, ಸ್ಪಂಜು ಅವನ್ನೇ ಹೀರುತ್ತದೆ. ಕಿವಿಯಿಂದ ಗಾಜಿಗೆ ಒಂದೆರಡು ಅಡಿ ದೂರ ಮಾತ್ರ ಇರುವುದರಿಂದ ಪುಟಿದ ಸದ್ದು ನೇರ ಸದ್ದಿನ ಬೆನ್ನಿಗೇ ಬಂದು ಬೆರೆಯುತ್ತದೆ. ಕೋಣೆಯಲ್ಲಿ ಪುಟಿದ ಸದ್ದು ಕೊಂಚ ತಡವಾಗಿ ಬರುತ್ತದೆ. ಕಾರಿನಲ್ಲಿ ಅದು ದನಿಯ ಬಣ್ಣವಾಗಿಬಿಡುತ್ತದೆ.

ಹಾಡುವವರ ಜಾಗ ತಪ್ಪುವ ಪಾಡು ಹಳೆಯ ಕಾರುಗಳಿಗೆ ಇರಲಿಲ್ಲ. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸಹೋದರರು ಮೊಟೊರೋಲಾ ಹೆಸರಿನ ಕಾರ್ ರೇಡಿಯೊ ಮಾರುಕಟ್ಟೆಗೆ ತಂದರು. 1956ರ ಮಾದರಿಯ ಕಾರುಗಳಲ್ಲಿ ಕ್ರೈಸ್ಲರ್ ಕಂಪನಿ ಗ್ರಾಮಫೋನ್ ತಟ್ಟೆಯನ್ನೇ ತಿರುಗಿಸಲು ನೋಡಿತು. ಆ ಕಾಲದ ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಒಂದೇ ಸ್ಪೀಕರ್. ನಾದ ಒರಟಾಗಿತ್ತು, ಹಾಡುವವರು ಮಾತ್ರ ಎದುರಿಗೇ ಇದ್ದರು. 1965ರ ಕೊನೆಗೆ ಫೋರ್ಡ್ ಕಾರುಗಳಲ್ಲಿ ಎಂಟು ಟ್ರ್ಯಾಕಿನ ಟೇಪು ಬಂದು ಸ್ಟೀರಿಯೊ ಸಾಮಾನ್ಯವಾದ ಮೇಲೆ ಸ್ಪೀಕರುಗಳು ಬಾಗಿಲಿಗೂ ಹಿಂದಿನ ಹಲಗೆಗೂ ಹಂಚಿಹೋದವು. ನಾದ ಸುಧಾರಿಸಿತು, ಹಾಡುವವರ ಜಾಗ ಕಳೆಯಿತು. ಅದನ್ನು ಮರಳಿ ಹುಡುಕುವ ಪ್ರಯತ್ನವೇ ಆಮೇಲಿನ ಕಥೆ. 1983ರ ಮಾದರಿಯ ಕೆಲವು ಜನರಲ್ ಮೋಟರ್ಸ್ ಕಾರುಗಳಿಗೆ ಅಮರ್ ಬೋಸ್ ಅವರ ಕಂಪನಿ ಆ ಕಾರಿನ ಒಳಗಾತ್ರಕ್ಕೇ ಹೊಂದಿಸಿದ ಸ್ಪೀಕರ್ ವ್ಯವಸ್ಥೆ ಕೊಟ್ಟದ್ದು ದೊಡ್ಡ ತಿರುವು. ಕಾರನ್ನು ಸ್ಪೀಕರಿನ ಡಬ್ಬಿಯ ಭಾಗವೆಂದೇ ಲೆಕ್ಕಕ್ಕೆ ತೆಗೆದುಕೊಂಡ ಆಲೋಚನೆ ಅದು.

ನಮ್ಮಲ್ಲಿ ಅದೇ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಹಿಂದೆಯೇ ಪಾರ್ಸೆಲ್ ಟ್ರೇ ಮೇಲೆ ‘ಆರು-ಒಂಬತ್ತರ’ ಓವಲ್ ಸ್ಪೀಕರುಗಳು ಬಂದವು. ಬಾಗಿಲುಗಳು ತೆಳ್ಳಗಿದ್ದವು, ದೊಡ್ಡ ಸ್ಪೀಕರಿಗೆ ಸುಲಭದಲ್ಲಿ ಜಾಗ ಸಿಗುತ್ತಿದ್ದದ್ದು ಹಿಂದಿನ ಹಲಗೆಯಲ್ಲಿ ಮಾತ್ರ. ಹಲಗೆಯ ಕೆಳಗಿನ ಡಿಕ್ಕಿ ಒಂದು ಡಬ್ಬಿಯಂತೆ ಕೆಲಸ ಮಾಡಿ ಬೇಸ್ ಧಾರಾಳವಾಗಿ ಬರುತ್ತಿತ್ತು. ಆ ಪದ್ಧತಿಯನ್ನು ನಾನು ಹೀಗಳೆಯುವುದಿಲ್ಲ; ಒಂದು ತಲೆಮಾರು ಊರಿಂದೂರಿಗೆ ಹಾಡು ಕೇಳಿದ್ದು ಅದರಲ್ಲೇ. ಆದರೆ ಅದು ಒಂದು ಅಭ್ಯಾಸವನ್ನೂ ಉಳಿಸಿತು: ಸಂಗೀತ ಬೆನ್ನ ಹಿಂದಿನಿಂದ ಬರುವುದೇ ಸರಿ ಎಂಬ ಅಭ್ಯಾಸ. ಯಾವ ಕಚೇರಿಯಲ್ಲೂ ನಾವು ಗಾಯಕರಿಗೆ ಬೆನ್ನು ಹಾಕಿ ಕೂರುವುದಿಲ್ಲ. ಕಾರಿನಲ್ಲೂ ವೇದಿಕೆ ಎದುರಿಗಿರಬೇಕು, ಬಾನೆಟ್ಟಿನ ಮೇಲೆ, ಕಣ್ಣಿನ ಮಟ್ಟಕ್ಕೆ. ಹಾಗಾಗಿ ಇವತ್ತಿನ ಒಳ್ಳೆಯ ಫಿಟ್ಟಿಂಗ್ ಎಲ್ಲವೂ ಮುಂದಿನ ಬಾಗಿಲಿನಿಂದಲೇ ಶುರುವಾಗುತ್ತದೆ.

ಬಾಗಿಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಹಣ ಪೋಲಾಗುವುದೂ ಹಣಕ್ಕೆ ತಕ್ಕ ಫಲ ಸಿಗುವುದೂ ಇಲ್ಲೇ. ಸ್ಪೀಕರಿನ ಕೋನು ಮುಂದೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಅದೇ ಕ್ಷಣ ಬೆನ್ನಿನ ಗಾಳಿ ತೆಳುವಾಗುತ್ತದೆ. ಇವೆರಡೂ ಒಂದಕ್ಕೊಂದು ವಿರುದ್ಧ. ಬೆನ್ನಿನ ಅಲೆ ಸುತ್ತಿ ಮುಂದಕ್ಕೆ ಬರಲು ದಾರಿ ಸಿಕ್ಕಿದರೆ ಎರಡೂ ಕೂಡಿ ಕೆಳಸ್ವರ ಅಳಿಸಿಹೋಗುತ್ತದೆ. ಮನೆಯ ಸ್ಪೀಕರಿನಲ್ಲಿ ಮರದ ಡಬ್ಬಿ ಅದನ್ನು ತಡೆಯುತ್ತದೆ. ಕಾರಿನಲ್ಲಿ ಡಬ್ಬಿಯೇ ಬಾಗಿಲು. ಡೋರ್ ಪ್ಯಾಡ್ ಬಿಚ್ಚಿ ನೋಡಿ: ಒಳತಗಡಿನಲ್ಲಿ ಕೈ ಹೋಗುವಷ್ಟು ದೊಡ್ಡ ತೂತುಗಳು, ಅವುಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ. ಅಷ್ಟು ತೂತಿರುವ ಡಬ್ಬಿಯಲ್ಲಿ ಎಷ್ಟು ಒಳ್ಳೆಯ ಸ್ಪೀಕರ್ ಇಟ್ಟರೂ ಬೇಸ್ ಸೋರುತ್ತದೆ.

ಆದ್ದರಿಂದ ಮೊದಲ ಕೆಲಸ ತೂತು ಮುಚ್ಚುವುದು, ಎರಡನೆಯದು ತಗಡಿನ ನಡುಕ ತಗ್ಗಿಸುವುದು. ಬ್ಯೂಟೈಲ್ ರಬ್ಬರಿನ ಮೇಲೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಡ್ಯಾಂಪಿಂಗ್ ಶೀಟು ಇರುವುದು ಇದಕ್ಕೆ. ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಬಾಗಿಲನ್ನು ಬೆರಳಿನಲ್ಲಿ ತಟ್ಟಿದರೆ ತಿಳಿಯುತ್ತದೆ: ಶೀಟು ಹಾಕುವ ಮುಂಚೆ ಖಾಲಿ ಡಬ್ಬದ ಸದ್ದು, ಹಾಕಿದ ಮೇಲೆ ದಪ್ಪ, ಸತ್ತ ಸದ್ದು. ಇಡೀ ಬಾಗಿಲನ್ನು ಬೆಳ್ಳಿ ಹಾಳೆಯಲ್ಲಿ ಸುತ್ತಬೇಕಿಲ್ಲ. ಹೊರತಗಡಿನ ನಡುಭಾಗದ ಕಾಲಂಶ ಜಾಗಕ್ಕೆ ಸರಿಯಾಗಿ ಒತ್ತಿ ಅಂಟಿಸಿದರೂ ನಡುಕ ಬಹಳ ಇಳಿಯುತ್ತದೆ. ಉಳಿದ ಶೀಟನ್ನು ಒಳತಗಡಿನ ತೂತು ಮುಚ್ಚಲು ಬಳಸುವುದು ಜಾಣತನ. ಬ್ಯೂಟೈಲ್ ಎಂದು ಹೇಳಿ ಡಾಂಬರಿನ ಅಗ್ಗದ ಶೀಟು ಹಾಕಿಸಿಕೊಂಡರೆ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದು ಮೆತ್ತಗಾಗಿ ಜಾರುತ್ತದೆ, ಕಾರಿನೊಳಗೆ ಹೊಸ ರಸ್ತೆಯ ವಾಸನೆ ನಿಲ್ಲುತ್ತದೆ.

ಕರಾವಳಿ, ಮಲೆನಾಡಿನವರಿಗೆ ಬೇರೆ ಎಚ್ಚರ ಬೇಕು. ಕಿಟಕಿ ಗಾಜಿನ ಮೇಲೆ ಬಿದ್ದ ಮಳೆ ನೀರು ಬಾಗಿಲಿನ ಒಳಗೇ ಇಳಿದು ಕೆಳಗಿನ ಕಿಂಡಿಗಳಿಂದ ಹೊರಗೆ ಹೋಗುತ್ತದೆ. ಕಾರು ಕಟ್ಟಿರುವುದೇ ಹಾಗೆ. ಡ್ಯಾಂಪಿಂಗ್ ಮಾಡುವ ಉಮೇದಿನಲ್ಲಿ ಆ ಕಿಂಡಿಗಳನ್ನು ಮುಚ್ಚಿದರೆ ಬಾಗಿಲು ನೀರಿನ ತೊಟ್ಟಿಯಾಗಿ ತಳದಿಂದ ತುಕ್ಕು ಹಿಡಿಯುತ್ತದೆ. ಸ್ಪೀಕರನ್ನು ತಗಡಿಗೆ ಬಿಗಿಯಲು ನಡುವೆ ಕೊಡುವ ರಿಂಗನ್ನು ಅನೇಕರು ಎಂಡಿಎಫ್ ಹಲಗೆಯಲ್ಲಿ ಕೊಯ್ದು ಹಾಕುತ್ತಾರೆ. ಮಂಗಳೂರಿನ ಎರಡು ಮಳೆಗಾಲ ಕಂಡ ಎಂಡಿಎಫ್ ರಿಂಗು ನೀರಲ್ಲಿ ಅದ್ದಿದ ಬ್ರೆಡ್ಡಿನಂತೆ ಉಬ್ಬಿದ್ದನ್ನು ನಾನೇ ತೆಗೆದಿದ್ದೇನೆ. ರಿಂಗು ಸಡಿಲವಾದರೆ ಸ್ಪೀಕರ್ ತನ್ನ ಶಕ್ತಿಯನ್ನು ಗಾಳಿಗೆ ಕೊಡುವ ಬದಲು ತಗಡಿಗೆ ಕೊಡುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ರಿಂಗು ಹಾಕಿಸಿಕೊಳ್ಳುವುದು ಕ್ಷೇಮ. ಬಿಗಿಯುವ ಮುಂಚೆ ಕಿಟಕಿ ಗಾಜನ್ನು ಪೂರ್ತಿ ಇಳಿಸಿ, ಅದು ಸ್ಪೀಕರಿನ ಮ್ಯಾಗ್ನೆಟ್ಟಿಗೆ ತಗಲುವುದಿಲ್ಲ ಎಂದು ನೋಡಲೇಬೇಕು.

ಇನ್ನೊಂದು ಮಾತು ನನ್ನ ಸ್ವಂತ ಅನುಭವದ್ದು. ನನ್ನ ಮೊದಲ ಕಾರಿಗೆ ಹೊಸ ಸ್ಪೀಕರ್ ಹಾಕಿಸಿ ತಂದಾಗ ಬೇಸ್ ಕಂಪನಿ ಸ್ಪೀಕರಿಗಿಂತಲೂ ಕಡಿಮೆಯಿತ್ತು. ಅಂಗಡಿಯವರು ‘ಸ್ಪೀಕರ್ ಇನ್ನೂ ಹೊಸದು, ಓಡಿಸ್ತಾ ಓಡಿಸ್ತಾ ಬಿಡುತ್ತೆ ಸಾರ್’ ಅಂದರು. ನಾಲ್ಕು ತಿಂಗಳು ಕಾದೆ. ಕೊನೆಗೆ ಡೋರ್ ಪ್ಯಾಡ್ ಬಿಚ್ಚಿದರೆ ಎಡ ಸ್ಪೀಕರಿನ ಪ್ಲಸ್, ಮೈನಸ್ ಅದಲುಬದಲಾಗಿತ್ತು: ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ತಂತಿ ತಿರುಗಿಸಿದ ಮರುಗಳಿಗೆ ಬೇಸ್ ಬಂತು. ಹೊಸ ಫಿಟ್ಟಿಂಗ್ ಆದ ಕೂಡಲೆ ಸೌಂಡನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಆಮೇಲೆ ನಡುವಿಗೆ ತಿರುಗಿಸಿ ಕೇಳಬೇಕು. ನಡುವಿಗೆ ಬಂದಾಗ ಬೇಸ್ ಕಡಿಮೆಯಾದರೆ ತಂತಿ ತಪ್ಪಿದೆ.

ಟ್ವೀಟರಿನ ಜಾಗ ಹೆಚ್ಚು ವಾದಕ್ಕೆ ಎಡೆ ಮಾಡಿದ ವಿಷಯ. ಯಾಕೆ ಬೇಕು ಬೇರೆ ಟ್ವೀಟರ್? ಬಾಗಿಲಿನ ಆರೂವರೆ ಇಂಚಿನ ಸ್ಪೀಕರಿನ ಕೋನಿನ ಅಡ್ಡಳತೆ ಸುಮಾರು 13 ಸೆಂಟಿಮೀಟರ್. ಸ್ವರದ ಅಲೆಯುದ್ದ ಅದಕ್ಕಿಂತ ಸಣ್ಣದಾದ ಮೇಲೆ, ಅಂದರೆ 2600 ಹರ್ಟ್ಜಿನ ಆಚೆಗೆ, ಸದ್ದು ಟಾರ್ಚಿನ ಬೆಳಕಿನಂತೆ ನೇರ ಎದುರಿಗೇ ಹೋಗುತ್ತದೆ, ಪಕ್ಕಕ್ಕೆ ಹರಡುವುದಿಲ್ಲ. ಬಾಗಿಲಿನ ಸ್ಪೀಕರಿನ ಎದುರಿಗೆ ಇರುವುದು ನಮ್ಮ ಮೀನಖಂಡ. ಹಾಗಾಗಿ ಶ, ಸ, ಚ ಕಾರಗಳ ಚುರುಕು, ತಂಬೂರಿಯ ಝೇಂಕಾರ, ತಾಳದ ಕಿಣಿಕಿಣಿ ಎಲ್ಲ ಕಾಲಿನ ಬಳಿಯೇ ಉಳಿದುಬಿಡುತ್ತವೆ. ಅವನ್ನು ಮೇಲಕ್ಕೆ ತರುವುದೇ ಟ್ವೀಟರಿನ ಕೆಲಸ, ಅದರೊಂದಿಗೆ ಇಡೀ ವೇದಿಕೆಯೇ ಎತ್ತರಕ್ಕೆ ಬಂದಂತೆ ಕಿವಿಗೆ ಅನ್ನಿಸುತ್ತದೆ.

ಜಾಗ ಮೂರು. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಗಾಜಿಗೆ ಮುಖ ಮಾಡಿ ಕೂರಿಸುವುದು ಸುಲಭ, ಕಂಪನಿಗಳು ಹೆಚ್ಚಾಗಿ ಮಾಡುವುದೂ ಇದನ್ನೇ. ವೇದಿಕೆ ಅಗಲವಾಗಿ, ಎತ್ತರವಾಗಿ ಕೇಳುತ್ತದೆ; ಆದರೆ ಗಾಜಿನಿಂದ ಪುಟಿದ ಸದ್ದು 20 ಸೆಂಟಿಮೀಟರ್ ಸುತ್ತಿ ಬಂದರೂ 860, 2570, 4290 ಹರ್ಟ್ಜ್ ಹೀಗೆ ಸಾಲಾಗಿ ಹಳ್ಳಗಳು ಬೀಳುತ್ತವೆ, ಗ್ರಾಫಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಕನ್ನಡಿಯ ಹಿಂದಿನ ತ್ರಿಕೋನದಲ್ಲಿ ಕೂರಿಸಿದರೆ ಗಾಜಿನ ಕಾಟ ತಗ್ಗುತ್ತದೆ, ಹತ್ತಿರದ ಟ್ವೀಟರ್ ಮಾತ್ರ ಕಿವಿಗೆ ತೀರಾ ಸಮೀಪವಾಗುತ್ತದೆ. ಮೂರನೆಯದು ಎದುರು ಗಾಜಿನ ಪಕ್ಕದ ಕಂಬ. ಅಚ್ಚು ಹಾಕಿ ಕಂಬದ ಮೇಲೆ ಪುಟ್ಟ ಗೂಡು ಕಟ್ಟಿ, ಟ್ವೀಟರಿನ ಜೊತೆಗೆ ಮೂರಿಂಚಿನ ಮಿಡ್ ಸ್ಪೀಕರನ್ನೂ ಕೂರಿಸುವ ಕುಶಲರು ನಮ್ಮಲ್ಲಿ ಇದ್ದಾರೆ. ಸುಮಾರು 300ರಿಂದ 3500 ಹರ್ಟ್ಜಿನವರೆಗೆ, ಅಂದರೆ ಮನುಷ್ಯದನಿಯ ಮುಖ್ಯಭಾಗವೆಲ್ಲ ಕಣ್ಣಿನ ಮಟ್ಟದ ಒಂದೇ ಜಾಗದಿಂದ ಬರುವುದರಿಂದ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಾಣೆ.

ಆದರೂ ಅದನ್ನು ಕಣ್ಣು ಮುಚ್ಚಿ ಶಿಫಾರಸು ಮಾಡಲಾರೆ. ಈಗಿನ ಅನೇಕ ಕಾರುಗಳಲ್ಲಿ ಚಾವಣಿಯ ಅಂಚಿನಿಂದ ಇಳಿದು ಆ ಕಂಬದೊಳಗೂ ಕರ್ಟನ್ ಏರ್‌ಬ್ಯಾಗ್ ಹಾದುಹೋಗುತ್ತದೆ. ಅಪಘಾತದ ಕ್ಷಣದಲ್ಲಿ ಅದು ಕಂಬದ ಹೊದಿಕೆಯನ್ನು ತಳ್ಳಿಕೊಂಡು ಬಿಚ್ಚಿಕೊಳ್ಳಬೇಕು. ಮೇಲೆ ಅಂಟಿಸಿದ ಸ್ಪೀಕರ್ ಗೂಡು ಅದಕ್ಕೆ ಅಡ್ಡವಾಗಬಹುದು, ಕಿತ್ತು ಮುಖಕ್ಕೆ ಹಾರಲೂಬಹುದು. ಗೂಡು ದಪ್ಪವಾದರೆ ತಿರುವಿನಲ್ಲಿ ರಸ್ತೆ ದಾಟುವವರು ಅದರ ಮರೆಯಲ್ಲಿ ಕಾಣದೆ ಹೋಗುತ್ತಾರೆ. ಕಂಬದ ಮೇಲೆ ‘ಏರ್‌ಬ್ಯಾಗ್’ ಎಂಬ ಗುರುತು ಇದ್ದರೆ ಅಲ್ಲಿಗೆ ಕೈ ಹಾಕಬಾರದು ಎಂದೇ ನನ್ನ ಅಭಿಪ್ರಾಯ. ಹಾಡು ಕೇಳಲು ಬೇರೆ ದಾರಿಗಳಿವೆ.

ಕಾಲ್ಬದಿಯ ಜಾಗದ ವಿಷಯಕ್ಕೆ ಬಂದರೆ, 1990ರ ದಶಕದ ಅಮೆರಿಕದ ಕಾರ್ ಸ್ಟೀರಿಯೊ ಸ್ಪರ್ಧೆಯ ಕಾರುಗಳು ಅದನ್ನು ಬಹಳ ನೆಚ್ಚಿದ್ದವು. ಡ್ಯಾಶ್‌ಬೋರ್ಡಿನ ಕೆಳಗೆ, ಪಾದದ ಹೊರಪಕ್ಕದ ಮೂಲೆಯಲ್ಲಿ ಸ್ಪೀಕರನ್ನು ಓರೆಯಾಗಿ ಕೂರಿಸಿದರೆ ಹತ್ತಿರದ ಸ್ಪೀಕರ್ ದೂರ ಸರಿಯುತ್ತದೆ, ಎರಡರ ದೂರದ ವ್ಯತ್ಯಾಸ ಇಳಿಯುತ್ತದೆ. ಎಲೆಕ್ಟ್ರಾನಿಕ್ ತಡ ಕೊಡುವ ಸಾಧನ ಅಗ್ಗವಾಗುವ ಮುಂಚೆ ಅದು ಜಾಣ ಉಪಾಯ. ಆದರೆ ಆ ಕಾರುಗಳ ಸ್ಟೀರಿಂಗು ಎಡಕ್ಕೆ. ಅಲ್ಲಿ ಡ್ರೈವರಿನ ಹೊರಪಕ್ಕದ ಮೂಲೆಯಲ್ಲಿ ಇರುವುದು ಎಡಗಾಲು ವಿಶ್ರಮಿಸುವ ಜಾಗ. ನಮ್ಮ ಕಾರಿನಲ್ಲಿ ಸ್ಟೀರಿಂಗು ಬಲಕ್ಕೆ ಬಂದರೂ ಪೆಡಲುಗಳ ಕ್ರಮ ಬದಲಾಗುವುದಿಲ್ಲ, ಹಾಗಾಗಿ ಅದೇ ಮೂಲೆಯ ಪಕ್ಕದಲ್ಲಿ ಆಕ್ಸಿಲರೇಟರ್ ಇರುತ್ತದೆ. ಅಲ್ಲಿ ಮುಷ್ಟಿಯಷ್ಟು ಗೂಡು ಕಟ್ಟಿದರೂ ಬೂಟಿನ ಅಂಚು ಸಿಕ್ಕಿಕೊಳ್ಳಬಹುದು. ಹೊರದೇಶದ ಫಿಟ್ಟಿಂಗ್ ಚಿತ್ರಗಳನ್ನು ನೋಡಿ ನಮ್ಮ ಕಾರಿಗೆ ಹಾಗೆಯೇ ಇಳಿಸುವವರು ಇದನ್ನು ಗಮನಿಸಬೇಕು.

ಸಬ್‌ವೂಫರ್ ಡಿಕ್ಕಿಯಲ್ಲಿ ಕೂತರೂ ಬೇಸ್ ಎದುರಿನಿಂದ ಬರುವಂತೆ ಮಾಡಬಹುದೇ? ಮಾಡಬಹುದು. ಸುಮಾರು 80 ಹರ್ಟ್ಜಿನ ಕೆಳಗಿನ ಸ್ವರದ ಅಲೆಯುದ್ದ ನಾಲ್ಕು ಮೀಟರ್ ದಾಟುತ್ತದೆ, ಕಿವಿ ಅದರ ದಿಕ್ಕನ್ನು ಹಿಡಿಯಲಾರದು. ಹಿಂದಿನಿಂದ ಬರುತ್ತಿದೆ ಎಂದು ಚಾಡಿ ಹೇಳುವುದು ಬೇರೆ ಸಂಗತಿಗಳು: ಹೆಚ್ಚು ಮೇಲಿನವರೆಗೆ ಹಾಡಲು ಬಿಟ್ಟ ಸಬ್‌ವೂಫರ್, ನಡುಗುವ ನಂಬರ್ ಪ್ಲೇಟು, ಗಡಗಡ ಎನ್ನುವ ಡಿಕ್ಕಿಯ ಮುಚ್ಚಳ. ಮೃದಂಗದ ಎಡಮುಖದ ಗುಮ್ಕಿ ಇದಕ್ಕೆ ಕಟ್ಟುನಿಟ್ಟಾದ ಪರೀಕ್ಷೆ. ಅಂಗೈ ಒತ್ತಿ ಎಳೆದಾಗ ನಾದ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ಯಾವ ಸ್ವರ ಯಾವ ಸ್ಪೀಕರಿಗೆ ಎಂದು ಹಂಚುವ ಕ್ರಾಸ್‌ಓವರ್ ಸರಿಯಿಲ್ಲದಿದ್ದರೆ ಅದು ಡಿಕ್ಕಿಯಲ್ಲಿ ಹುಟ್ಟಿ ಬಾಗಿಲಿಗೆ ನೆಗೆದಂತೆ ಕೇಳುತ್ತದೆ, ಮೃದಂಗವನ್ನು ಎರಡು ತುಂಡು ಮಾಡಿ ಬೇರೆ ಬೇರೆ ಕಡೆ ಇಟ್ಟ ಹಾಗೆ.

ಮೃದಂಗ ಬಂದದ್ದರಿಂದ ಒಂದು ನೆನಪು. ಸಿ.ವಿ. ರಾಮನ್ ಅವರು ಬೆಂಗಳೂರಿಗೆ ಬಂದ ಮರುವರ್ಷ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಬಗ್ಗೆ ದೊಡ್ಡ ಪ್ರಬಂಧ ಪ್ರಕಟಿಸಿದರು. ಸಾಮಾನ್ಯ ಡೋಲಿನ ಮೇಲುನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗ, ತಬಲಾಗಳ ಚರ್ಮದ ಮೇಲಿನ ಕಪ್ಪು ಲೇಪ ಅವನ್ನು ತಂತಿವಾದ್ಯದಂತೆ ಪೂರ್ಣಾಂಕಗಳ ಅನುಪಾತಕ್ಕೆ ತರುತ್ತದೆ, ಅದರಿಂದಲೇ ಈ ವಾದ್ಯಗಳಿಗೆ ಶ್ರುತಿ ಇದೆ ಎಂದು ತೋರಿಸಿದರು. ಕಾರಿನಲ್ಲಿ 380ರಲ್ಲಿ ಒಂದು ಹಳ್ಳ, 1140ರಲ್ಲಿ ಒಂದು ಹಳ್ಳ ಇದ್ದರೆ ಕಳೆದುಹೋಗುವುದು ಆ ಮೇಲುನಾದಗಳ ನಡುವಿನ ತೂಕ. ಶ್ರುತಿ ಇದ್ದ ವಾದ್ಯ ರಟ್ಟಿನ ಡಬ್ಬಿಯಂತೆ ಕೇಳುತ್ತದೆ. ಪಾಶ್ಚಾತ್ಯ ಡ್ರಮ್ಮಿನಲ್ಲಿ ಅಷ್ಟಾಗಿ ಗೊತ್ತಾಗದ ತಪ್ಪು ನಮ್ಮ ಸಂಗೀತದಲ್ಲಿ ಬೇಗ ಬಯಲಾಗುತ್ತದೆ. ಅಂಗಡಿಯಲ್ಲಿ ಬೇಸ್ ತುಂಬಿದ ಡಿಜೆ ಟ್ರ್ಯಾಕ್ ಹಾಕಿ ತೋರಿಸಿದರೆ ಒಪ್ಪಿಕೊಳ್ಳದೆ, ನಮಗೆ ಬಾಯಿಪಾಠವಾಗಿರುವ ಹಾಡನ್ನೇ ಹಾಕಿಸಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಸಬ್‌ವೂಫರಿನ ಡಬ್ಬಿಯ ಬಗ್ಗೆ ಚಿಕ್ಕದಾಗಿ: ಕ್ಯಾಬಿನ್ನಿನ ಉದ್ದಕ್ಕಿಂತ ಅರ್ಧ ಅಲೆಯೇ ದೊಡ್ಡದಾದಾಗ, ಎರಡೂವರೆ ಮೀಟರಿನ ಕ್ಯಾಬಿನ್ನಿನಲ್ಲಿ ಸುಮಾರು 70 ಹರ್ಟ್ಜಿನಿಂದ ಕೆಳಗೆ, ಇಡೀ ಕ್ಯಾಬಿನ್ನಿನ ಗಾಳಿ ಒಟ್ಟಿಗೆ ಒತ್ತಿ ಸಡಿಲವಾಗುತ್ತದೆ, ಬೇಸ್ ತಾನಾಗಿ ಏರುತ್ತದೆ. ಕಾರಿನ ಕೊರತೆಗಳ ನಡುವೆ ಅದು ಪುಕ್ಕಟೆ ಕೊಡುವ ವರ ಇದೊಂದು. ಪೂರ್ತಿ ಮುಚ್ಚಿದ ಡಬ್ಬಿಯ ಸಬ್‌ವೂಫರಿನ ಬೇಸ್ ಕೆಳಗೆ ಹೋದಂತೆ ನಯವಾಗಿ ಇಳಿಯುವುದರಿಂದ ಈ ಏರಿಕೆಗೆ ಚೆನ್ನಾಗಿ ಹೊಂದುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ಎಂಟೋ ಹತ್ತೋ ಇಂಚಿನ ಒಂದು ಸಾಕು. ಸೆಡಾನಿನಲ್ಲಿ ಡಿಕ್ಕಿ ಬೇರೆ ಕೋಣೆ. ಸೀಟಿನ ಬೆನ್ನಿನಲ್ಲೋ ಪಾರ್ಸೆಲ್ ಟ್ರೇಯಲ್ಲೋ ದಾರಿ ಇಲ್ಲದಿದ್ದರೆ ಬೇಸ್ ರಸ್ತೆಗೆ ಹೆಚ್ಚು, ಒಳಗೆ ಕಡಿಮೆ. ಇನ್ನು ಡಬ್ಬದ ಮೇಲೆ ಅಚ್ಚಾಗುವ ಸಾವಿರಾರು ವ್ಯಾಟಿನ ಪಿಎಂಪಿಒ ಅಂಕಿಗೆ ಬೆಲೆ ಕೊಡಬೇಕಿಲ್ಲ. ನೋಡಬೇಕಾದದ್ದು ಸತತ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿ ಮಾತ್ರ.

ಇಷ್ಟೆಲ್ಲ ಯಾಕೆ, ಒಂದು ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸರ್) ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. ಡಿಎಸ್‌ಪಿ ನಿಜಕ್ಕೂ ಈ ವಿದ್ಯೆಯ ದೊಡ್ಡ ವರ. ಪ್ರತಿ ಸ್ಪೀಕರಿಗೂ ಬೇರೆ ಬೇರೆ ತಡ, ಮಟ್ಟ, ಈಕ್ವಲೈಜರ್ ಕೊಡುತ್ತದೆ. ಬಲ ಸ್ಪೀಕರಿಗೆ 1.3 ಮಿಲಿಸೆಕೆಂಡ್ ತಡ ಕೊಟ್ಟು, ಮೂರು ಡೆಸಿಬೆಲ್ಲಿನಷ್ಟು ತಗ್ಗಿಸಿದ ಕ್ಷಣ, ಮೊಣಕಾಲಿನ ಪಕ್ಕ ಹಾಡುತ್ತಿದ್ದವರು ಎದ್ದು ಹೋಗಿ ಡ್ಯಾಶ್‌ಬೋರ್ಡಿನ ನಡುವೆ ನಿಲ್ಲುತ್ತಾರೆ. ಅದನ್ನು ಮೊದಲ ಸಲ ಕೇಳಿದಾಗ ನನ್ನ ಮೈ ನವಿರೆದ್ದಿತ್ತು. ಆದರೆ ಪಕ್ಕದ ಸೀಟಿನ ಲೆಕ್ಕ ಹಾಕಿ ನೋಡಿ. ಅಲ್ಲಿ ಕೂತವರಿಗೆ ಬಲ ಸ್ಪೀಕರ್ ಮೊದಲೇ 1.3 ಮಿಲಿಸೆಕೆಂಡ್ ತಡ. ಅದರ ಮೇಲೆ ನಾವು ಕೊಟ್ಟದ್ದೂ ಸೇರಿ 2.6 ಆಯಿತು. ನಮ್ಮ 380ರ ಹಳ್ಳ ತುಂಬಿತು, ಅವರಿಗೆ 190ರಲ್ಲಿ ಹೊಸ ಹಳ್ಳ ಬಿತ್ತು, ಹಾಡು ಪೂರ್ತಿ ಅವರ ಎಡ ಬಾಗಿಲಿಗೆ ಅಂಟಿತು. ಡ್ರೈವರಿನ ತೊಂದರೆ ಕರಗಲಿಲ್ಲ, ಪಕ್ಕದವರ ಪಾಲಿಗೆ ಸೇರಿ ಇಮ್ಮಡಿಯಾಯಿತು. ಸೋರುವ ಬಾಗಿಲು, ನಡುಗುವ ತಗಡು, ಗಾಜಿಗೆ ಬಡಿಯುವ ಟ್ವೀಟರ್ ಇವನ್ನಂತೂ ಡಿಎಸ್‌ಪಿ ಮುಟ್ಟಲಾರದು. ಜಾಗ ಸರಿಯಿದ್ದಷ್ಟೂ ಡಿಎಸ್‌ಪಿಗೆ ಕೆಲಸ ಕಡಿಮೆ, ಕೆಲಸ ಕಡಿಮೆಯಾದಷ್ಟೂ ಉಳಿದ ಸೀಟುಗಳಿಗೆ ಅನ್ಯಾಯ ಕಡಿಮೆ.

ಕಾರು ಕಂಪನಿಗಳು ಇದಕ್ಕೆ ಬೇರೆ ದಾರಿ ಹಿಡಿದಿವೆ. ಎರಡನೆಯ ತಲೆಮಾರಿನ ವೋಲ್ವೊ ಎಕ್ಸ್‌ಸಿ90ರಲ್ಲಿ ಬೋವರ್ಸ್ ಅಂಡ್ ವಿಲ್ಕಿನ್ಸ್ ವ್ಯವಸ್ಥೆಯ ಒಂದು ಟ್ವೀಟರ್ ಡ್ಯಾಶ್‌ಬೋರ್ಡಿನ ನಟ್ಟನಡುವೆ ತಲೆ ಎತ್ತಿ ಕೂತಿದೆ. ನಡುವೆ ನಿಜವಾದ ಸ್ಪೀಕರೇ ಇದ್ದರೆ ಎರಡೂ ಸೀಟಿನವರಿಗೆ ಹಾಡುವವರು ಎದುರಿಗೇ ಇರುತ್ತಾರೆ. ಐವತ್ತರ ದಶಕದ ಒಂಟಿ ಸ್ಪೀಕರಿನ ಜಾಗಕ್ಕೆ ವಿದ್ಯೆ ಮರಳಿ ಬಂದಂತೆ ನನಗೆ ತೋರುತ್ತದೆ. ನಮ್ಮ ಮಹೀಂದ್ರ ಎಕ್ಸ್‌ಯುವಿ700 ಹನ್ನೆರಡು ಸ್ಪೀಕರಿನ ಸೋನಿ ವ್ಯವಸ್ಥೆಯೊಂದಿಗೆ ಬಂದಾಗಿನಿಂದ ಸ್ಪೀಕರುಗಳ ಎಣಿಕೆಯೇ ಜಾಹೀರಾತಾಗಿದೆ. ಎಣಿಕೆ ಹೆಚ್ಚಾದ ಮಾತ್ರಕ್ಕೆ ನಾದ ಸುಧಾರಿಸದು, ಬಾಗಿಲು ಗಟ್ಟಿಯಿರಬೇಕು. ಆದರೆ ಹೊರಗಿನ ಅಂಗಡಿಗೆ ಸಿಗದ ಒಂದು ಅನುಕೂಲ ಕಂಪನಿಗಿದೆ: ಕಾರು ಕಾಗದದ ಮೇಲಿರುವಾಗಲೇ ಸ್ಪೀಕರಿನ ಜಾಗ ಬಿಡಬಹುದು. ಆ ಜಾಗ ಕಾರಿನಲ್ಲಿ ಮೊದಲೇ ಇದ್ದರೆ ತಗಡು ಕತ್ತರಿಸದೆ, ವೈರು ಕೊಯ್ಯದೆ, ಕಪ್ಲರ್ ಹಾಕಿ ಸ್ಪೀಕರ್ ಮಾತ್ರ ಬದಲಿಸುವುದು ಹೆಚ್ಚಿನವರಿಗೆ ಸಾಕು. ವಾರಂಟಿಯ ತಕರಾರೂ ಕಡಿಮೆ.

ಎಲ್ಲ ಆದ ಮೇಲೆ ಸರಿಯಾಯಿತೇ ಎಂದು ತಿಳಿಯುವುದು ಹೇಗೆ? ಮೈಕು, ಪಿಂಕ್ ನಾಯ್ಸ್, ಗ್ರಾಫು ಬೇಕು, ಅವು ಹಳ್ಳಗಳನ್ನು ನಿಖರವಾಗಿ ತೋರಿಸುತ್ತವೆ. ಗ್ರಾಫು ನೇರವಾದರೂ ಹಾಡುವವರು ಪಕ್ಕಕ್ಕೆ ವಾಲಿರಬಹುದು, ಅದಕ್ಕೆ ಕಿವಿಯೇ ಬೇಕು. ನಾನು ಬಳಸುವುದು 1960ರ ದಶಕದ ಹಳೆಯ ಚಿತ್ರಗೀತೆ, ಪಿ.ಬಿ. ಶ್ರೀನಿವಾಸ್ ಅವರದೋ ಎಸ್. ಜಾನಕಿಯವರದೋ. ಆ ಮುದ್ರಣಗಳು ಮೋನೊ. ಎಡಬಲ ಎರಡರಲ್ಲೂ ಇರುವುದು ಒಂದೇ ಸದ್ದು. ಹಾಗಾಗಿ ದನಿ ನಿಲ್ಲಬೇಕಾದ ಜಾಗ ಒಂದೇ, ಎದುರಿಗೆ ನಡುವೆ, ಸೂಜಿಯಲ್ಲಿ ಗುರುತಿಸುವಷ್ಟು ಚಿಕ್ಕದಾಗಿ. ಸ್ವರ ಏರಿದಾಗ ದನಿ ಕಂಬದ ಕಡೆ ಸರಿದರೆ ಟ್ವೀಟರಿನ ಮಟ್ಟ ಹೆಚ್ಚಾಗಿದೆ. ಮಂದ್ರಕ್ಕಿಳಿದಾಗ ಬಾಗಿಲಿಗೆ ಜಾರಿದರೆ ಮಿಡ್‌ಬೇಸಿನ ತಡ ಸರಿಯಿಲ್ಲ. ದನಿ ಅಗಲವಾಗಿ ಹರಡಿ ಬಾಯಿಯೇ ನಾಲ್ಕಡಿ ಇದ್ದಂತೆ ಕೇಳಿದರೆ ಯಾವುದೋ ಗಾಜು ಪುಟಿಸುತ್ತಿದೆ. ಇದನ್ನೆಲ್ಲ ಕಾರು ನಿಲ್ಲಿಸಿ ಒಮ್ಮೆ, 80 ಕಿಲೋಮೀಟರ್ ವೇಗದಲ್ಲಿ ಒಮ್ಮೆ ಕೇಳಬೇಕು. ಟೈರಿನ ಸದ್ದು ಮೊದಲು ನುಂಗುವುದು ಬೇಸನ್ನು. ನಿಂತ ಕಾರಿನಲ್ಲಿ ಸ್ವಲ್ಪ ಹೆಚ್ಚೆನಿಸಿದ ಬೇಸ್ ಹೆದ್ದಾರಿಯಲ್ಲಿ ಸರಿಹೋಗುತ್ತದೆ.

ಸ್ಪರ್ಧೆಗೆ ಹೋಗುವ ಕಾರುಗಳನ್ನು ತೀರ್ಪುಗಾರರು ಮುಂದಿನ ಸೀಟಿನಲ್ಲಿ ಕೂತು ಕೇಳುತ್ತಾರೆ. ಹಾಗಾಗಿ ಆ ಲೋಕದ ಸಲಹೆಗಳಲ್ಲಿ ಹಿಂದಿನ ಸ್ಪೀಕರನ್ನು ಬಿಚ್ಚಿಬಿಡಿ ಎಂಬ ಮಾತು ಸಾಮಾನ್ಯ. ನಮ್ಮ ಕಾರು ಹಾಗೆ ಓಡುವುದಿಲ್ಲ. ಅದರಲ್ಲಿ ಐದು ಜನ ಕೂರುತ್ತಾರೆ, ಒಂದು ಮಗು ತೊಡೆಯ ಮೇಲಿರುತ್ತದೆ. ನಾನೂ ಒಮ್ಮೆ ಆ ಸಲಹೆ ಕೇಳಿ ಹಿಂದಿನ ಸ್ಪೀಕರುಗಳ ಸದ್ದು ಪೂರ್ತಿ ತೆಗೆದಿದ್ದೆ. ಊರಿಗೆ ಹೋಗುವಾಗ ಅಮ್ಮ ಹಿಂದಿನಿಂದ ಕೂಗಿದರು, ‘ಸ್ವಲ್ಪ ಜೋರು ಮಾಡೋ, ಪದ ಒಂದೂ ತಿಳೀತಿಲ್ಲ.’ ಜೋರು ಮಾಡಿದೆ, ಮುಂದೆ ಕೂತವರ ಕಿವಿ ನೋಯಿತು, ಹಿಂದೆ ಪದ ತಿಳಿಯಲಿಲ್ಲ. ಸೀಟಿನ ಬೆನ್ನು ವ್ಯಂಜನಗಳ ಚುರುಕನ್ನೆಲ್ಲ ಹೀರುತ್ತಿತ್ತು.

ಉಪಾಯ ಸಿಕ್ಕಿದ್ದು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಬರೆದ ಸಂಶೋಧನೆಯ ಸಾರದಿಂದ. ಒಂದೇ ಸದ್ದು ಎರಡು ಕಡೆಯಿಂದ ಹತ್ತಿಪ್ಪತ್ತು ಮಿಲಿಸೆಕೆಂಡಿನ ಅಂತರದಲ್ಲಿ ಬಂದರೆ ಕಿವಿ ಅದನ್ನು ಎರಡಾಗಿ ಕೇಳುವುದಿಲ್ಲ, ಮೊದಲು ಬಂದ ಕಡೆಯನ್ನೇ ಸದ್ದಿನ ಮೂಲವೆಂದು ನಂಬುತ್ತದೆ. ಹಿಂದಿನ ಬಾಗಿಲಿನ ಸ್ಪೀಕರುಗಳಿಗೆ 300 ಹರ್ಟ್ಜಿನ ಕೆಳಗಿನದನ್ನು ಕತ್ತರಿಸಿದೆ, ಮುಂದಿನದಕ್ಕಿಂತ ಮಟ್ಟ ತಗ್ಗಿಸಿದೆ, ಹನ್ನೆರಡು ಮಿಲಿಸೆಕೆಂಡ್ ತಡ ಕೊಟ್ಟೆ. ಮುಂದಿನ ಸ್ಪೀಕರುಗಳ ತಡವನ್ನೂ ಡ್ರೈವರಿಗೆ ಬೇಕಾದದ್ದರ ಅರ್ಧಕ್ಕೆ ಇಳಿಸಿದೆ, ಹಾಡುವವರು ಡ್ಯಾಶ್‌ಬೋರ್ಡಿನ ನಡುವಿನಿಂದ ಕೊಂಚ ಬಲಕ್ಕೆ ಸರಿದರು. ಇದನ್ನು ಡಿಎಸ್‌ಪಿಯ ಎರಡನೆಯ ನಂಬರಿನಲ್ಲಿ ಉಳಿಸಿಕೊಂಡಿದ್ದೇನೆ. ಒಬ್ಬನೇ ಇರುವಾಗ ಒಂದನೆಯದು, ಮನೆಯವರಿದ್ದಾಗ ಎರಡನೆಯದು. ಕಳೆದ ಸಲ ಶಿರಾಡಿ ಘಾಟಿ ಇಳಿಯುವಾಗ ಹಿಂದಿನಿಂದ ‘ಜೋರು ಮಾಡು’ ಎಂಬ ಮಾತು ಬರಲಿಲ್ಲ. ಎರಡನೆಯ ಚರಣಕ್ಕೆ ಅಮ್ಮನ ದನಿಯೂ ಸೇರಿಕೊಂಡಿತ್ತು.